ಒಂದೇ ಯಂತ್ರಕ್ಕೆ ಕಟ್ಟಿಹಾಕಿದ ಸಿನಿಮಾ



ಸಿನಿಮಾದ ಹೆಸರಿನಲ್ಲಿ ನಡೆಯುವ ಉಪನ್ಯಾಸಗಳಲ್ಲಿ ನಿರ್ದೇಶಕರನ್ನೋ ಕಥೆಯನ್ನೋ ಛಾಯಾಗ್ರಹಣವನ್ನೋ ಕುರಿತು ಮಾತಾಡುವುದು ವಾಡಿಕೆ. ನಾನು ಇಂದು ಅವುಗಳಿಂದ ಸ್ವಲ್ಪ ಸರಿದು, ಸಿನಿಮಾ ನಮ್ಮ ಕೈಗೆ ಬಂದು ಸೇರುವ ವಸ್ತುವಿನ ಬಗ್ಗೆ ಮಾತಾಡುತ್ತೇನೆ. ಡಿಸ್ಕ್, ಕಾರ್ಟ್ರಿಜ್, ಮೆಮೊರಿ ಕಾರ್ಡ್, ಫೈಲು ಇವೆಲ್ಲ ಅಂಥ ವಸ್ತುಗಳು. ಅದರಲ್ಲೂ ಅಂಗೈಯಲ್ಲಿ ಹಿಡಿದು ನೋಡುವ ಯಂತ್ರಗಳಿಗೆಂದೇ ಒಂದೊಂದು ಕಂಪನಿ ತನ್ನದೇ ಫಾರ್ಮ್ಯಾಟ್ ಕಟ್ಟಿ, ಅದರಲ್ಲಿ ಸಿನಿಮಾ ಮಾರಲು ಹೊರಟು ಸೋತದ್ದೇಕೆ ಎಂಬುದು ನನ್ನ ಇಂದಿನ ವಿಷಯ. ಉದಾಹರಣೆಗಳು ಹಲವಿದ್ದರೂ ಒಂದನ್ನೇ ವಿವರವಾಗಿ ನೋಡೋಣ. ಸೋನಿ ಕಂಪನಿ ಪ್ಲೇಸ್ಟೇಷನ್ ಪೋರ್ಟಬಲ್ (ಪಿಎಸ್‌ಪಿ) ಎಂಬ ಆಟದ ಯಂತ್ರದ ಜೊತೆ ತಂದ ಯುಎಂಡಿ, ಅಂದರೆ ಯೂನಿವರ್ಸಲ್ ಮೀಡಿಯಾ ಡಿಸ್ಕ್, ಆ ಉದಾಹರಣೆ. ಮೊದಲು ಆ ವಸ್ತುವನ್ನು ಪರಿಚಯಿಸುತ್ತೇನೆ. ಆಮೇಲೆ, ಅದೇ ಡಿಸ್ಕಿನಲ್ಲಿ ಆಟಗಳು ಗೆದ್ದು ಸಿನಿಮಾಗಳು ಸೋತದ್ದೇಕೆ ಎಂದು ನೋಡೋಣ. ಬಳಿಕ ನಮ್ಮ ಕಡೆಯ ವಿಸಿಡಿಯ ಅನುಭವವನ್ನು ಅದರ ಪಕ್ಕದಲ್ಲಿಟ್ಟು ನೋಡಿ, ಕೊನೆಗೆ ಈ ಡಿಸ್ಕುಗಳ ಇಂದಿನ ಸ್ಥಿತಿಗೆ ಬರುತ್ತೇನೆ.

ಪಿಎಸ್‌ಪಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದದ್ದು 2004ರ ಡಿಸೆಂಬರ್ 12ರಂದು, ಅಮೆರಿಕದಲ್ಲಿ 2005ರ ಮಾರ್ಚ್ 24ರಂದು. ಪ್ಲೇಸ್ಟೇಷನ್ನಿನ ಜನಕರೆಂದು ಹೆಸರಾದ ಕೆನ್ ಕುತರಾಗಿ ಇದನ್ನು ಇಪ್ಪತ್ತೊಂದನೆಯ ಶತಮಾನದ ವಾಕ್‌ಮನ್ ಎಂದು ಬಣ್ಣಿಸಿದ್ದರು. ಆ ಮಾತಿನಲ್ಲಿ ಉತ್ಪ್ರೇಕ್ಷೆ ಕಡಿಮೆಯೇ. 4.3 ಇಂಚಿನ ಅಗಲ ಪರದೆ, 480 ಅಡ್ಡ, 272 ಉದ್ದ ಪಿಕ್ಸೆಲ್‌ಗಳು. ಅಂಗೈ ಮೇಲೆ ಅಷ್ಟು ಚೊಕ್ಕ ಚಿತ್ರವನ್ನು ಜನ ಅದಕ್ಕೆ ಮುಂಚೆ ಹೆಚ್ಚಾಗಿ ಕಂಡಿರಲಿಲ್ಲ. ಆ ಯಂತ್ರದ ಬೆನ್ನಿನ ಬಾಗಿಲು ತೆರೆದರೆ ಯುಎಂಡಿ ಕೂರುವ ಜಾಗ. ಡಿಸ್ಕಿನ ವ್ಯಾಸ 60 ಮಿಲಿಮೀಟರ್. ಸಿಡಿಯ ಹಾಗೆ ಬರಿಮೈಯಲ್ಲಿರದೆ ಪ್ಲಾಸ್ಟಿಕ್ ಕವಚದೊಳಗೆ ಕಾಯಂ ಆಗಿ ಕೂತಿರುತ್ತದೆ. ಮುಂಭಾಗದ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಡಿಸ್ಕಿನ ಬಣ್ಣದ ಚಿತ್ರ ಕಾಣುತ್ತದೆ. ಹಿಂಭಾಗದಲ್ಲಿ ಲೇಸರ್ ಓದುವ ಕಿಂಡಿಯಿದೆ, ಅದಕ್ಕೆ ಮುಚ್ಚಳವಿಲ್ಲ. ಜೇಬಿನಲ್ಲಿಟ್ಟರೆ ಧೂಳು ಸೀದಾ ಒಳಗೆ ಹೋಗುತ್ತದೆ. ಡಿಸ್ಕನ್ನು ಕೂರಿಸಿ ಬಾಗಿಲು ಮುಚ್ಚಿದರೆ ಟಕ್ ಎಂದು ಹಿಡಿಯುತ್ತದೆ, ಒಂದು ಕ್ಷಣ ಬಿಟ್ಟು ಒಳಗಿನ ಮೋಟಾರು ತಿರುಗುವ ಸಣ್ಣ ಗುಯ್ ಸದ್ದು ಅಂಗೈಗೇ ತಾಗುತ್ತದೆ.

ತಾಂತ್ರಿಕವಾಗಿ ಅದು ಒಳ್ಳೆಯ ಡಿಸ್ಕು. ಎರಡು ಪದರದ ಯುಎಂಡಿಯಲ್ಲಿ 1.8 ಗಿಗಾಬೈಟ್ ಮಾಹಿತಿ ಹಿಡಿಯುತ್ತಿತ್ತು. ಚಿತ್ರವನ್ನು ಅಡಕಗೊಳಿಸಲು ಬಳಸಿದ್ದು ಎಚ್.264, ಆ ಕಾಲಕ್ಕೆ ಅತ್ಯಾಧುನಿಕವಾದ ವಿಧಾನ. ಹಾಗಾಗಿ ಇಡೀ ಒಂದು ಸಿನಿಮಾ ಅಷ್ಟು ಸಣ್ಣ ಡಿಸ್ಕಿನಲ್ಲಿ ಸಲೀಸಾಗಿ ಕೂರುತ್ತಿತ್ತು. ಹಾಲಿವುಡ್ಡಿನ ದೊಡ್ಡ ಸ್ಟುಡಿಯೊಗಳು ಹೆಚ್ಚುಕಡಿಮೆ ಎಲ್ಲವೂ ಮುಂದೆ ಬಂದವು. ಅಮೆರಿಕದಲ್ಲಿ ಮೊದಲ ಹತ್ತು ಲಕ್ಷ ಪಿಎಸ್‌ಪಿ ಪೆಟ್ಟಿಗೆಗಳ ಜೊತೆ ‘ಸ್ಪೈಡರ್‌ಮ್ಯಾನ್ 2’ ಸಿನಿಮಾದ ಯುಎಂಡಿಯನ್ನು ಉಚಿತವಾಗಿ ಕೊಟ್ಟರು. ಅಂಗಡಿಗಳಲ್ಲಿ ಇಡೀ ಕಪಾಟುಗಳೇ ಇದಕ್ಕೆ ಮೀಸಲಾದವು.

ಆ ಉತ್ಸಾಹ ಉಳಿದದ್ದು ಒಂದೇ ವರ್ಷ. 2006ರ ಮೊದಲ ತಿಂಗಳುಗಳಲ್ಲೇ ಯೂನಿವರ್ಸಲ್ ಹೊಸ ಯುಎಂಡಿಗಳನ್ನು ತರುವುದನ್ನು ನಿಲ್ಲಿಸಿದೆ, ಪ್ಯಾರಮೌಂಟ್ ಕಡಿಮೆ ಮಾಡಿದೆ ಎಂದು ಪತ್ರಿಕೆಗಳು ಬರೆದವು. ವಾಲ್‌ಮಾರ್ಟಿನಂಥ ದೊಡ್ಡ ಮಳಿಗೆಗಳು ಆ ಕಪಾಟುಗಳನ್ನು ತೆರವು ಮಾಡಲು ಯೋಚಿಸುತ್ತಿವೆ ಎಂಬ ಸುದ್ದಿಯೂ ಬಂತು. 2009ರಲ್ಲಿ ಸೋನಿಯೇ ಹೊರತಂದ ಪಿಎಸ್‌ಪಿ ಗೋ ಎಂಬ ಹೊಸ ಮಾದರಿಯಲ್ಲಿ ಯುಎಂಡಿ ಹಾಕುವ ಜಾಗವೇ ಇರಲಿಲ್ಲ. 2011ರ ಕೊನೆಗೆ ಬಂದ ಅದರ ಮುಂದಿನ ಯಂತ್ರ ವೀಟಾದಲ್ಲೂ ಇಲ್ಲ.

ಈಗ ನನ್ನ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಯಂತ್ರ ಸೋಲಲಿಲ್ಲ. ಪಿಎಸ್‌ಪಿ ಜಗತ್ತಿನಾದ್ಯಂತ ಸುಮಾರು ಎಂಟು ಕೋಟಿ ಮಾರಾಟವಾಯಿತು. ಡಿಸ್ಕೂ ಸೋಲಲಿಲ್ಲ. ಅದೇ ಯುಎಂಡಿಯಲ್ಲಿ ಆಟಗಳು ವರ್ಷಗಟ್ಟಲೆ ಬರುತ್ತಲೇ ಇದ್ದವು, ಜನ ಕೊಳ್ಳುತ್ತಲೇ ಇದ್ದರು. ಒಂದೇ ಪ್ಲಾಸ್ಟಿಕ್ಕು, ಒಂದೇ ಲೇಸರು, ಒಂದೇ ಅಂಗಡಿ. ಆಟ ನಡೆಯಿತು, ಸಿನಿಮಾ ನಡೆಯಲಿಲ್ಲ. ಕಾರಣವನ್ನು ಡಿಸ್ಕಿನೊಳಗೆ ಹುಡುಕುವವರು ಇಲ್ಲೇ ದಾರಿ ತಪ್ಪುತ್ತಾರೆ. ಉತ್ತರ ಇರುವುದು ಕೊಂಡವರ ಮನೆಯಲ್ಲಿ.

ಆಟವನ್ನೇ ಮೊದಲು ತೆಗೆದುಕೊಳ್ಳಿ. ಪಿಎಸ್‌ಪಿಗೆಂದು ಬರೆದ ಆಟ ಪಿಎಸ್‌ಪಿಯ ಗುಂಡಿಗಳಿಗೆ, ಪರದೆಗೆ ಹೊಂದಿಸಿ ಕಟ್ಟಿದ್ದು. ಅದನ್ನು ಟಿವಿಯಲ್ಲಿ ಆಡಬೇಕೆಂದು ಯಾರಿಗೂ ಅಷ್ಟಾಗಿ ಅನ್ನಿಸುವುದಿಲ್ಲ. ಒಂದು ಆಟ ಮುಗಿಸಲು ಇಪ್ಪತ್ತು ಮೂವತ್ತು ಗಂಟೆ ಬೇಕಾಗುವುದೂ ಉಂಟು. ಕೊಟ್ಟ ಹಣಕ್ಕೆ ಅಷ್ಟು ಹೊತ್ತಿನ ಜೊತೆ ಸಿಗುತ್ತದೆ. ಅದನ್ನು ಆಡುವುದು ಬಹುಪಾಲು ಒಬ್ಬರೇ. ಹೀಗಾಗಿ ಒಂದು ಯಂತ್ರಕ್ಕೆ ಕಟ್ಟಿಹಾಕುವುದು ಆಟದ ಮಟ್ಟಿಗೆ ನಷ್ಟವಲ್ಲ, ಅದರ ಸ್ವಭಾವವೇ ಹಾಗೆ.

ಸಿನಿಮಾ ಹಾಗಲ್ಲ. ‘ಸ್ಪೈಡರ್‌ಮ್ಯಾನ್ 2’ ಚಿತ್ರಮಂದಿರದಲ್ಲಿ ಇತ್ತು, ಡಿವಿಡಿಯಲ್ಲಿ ಇತ್ತು, ಟಿವಿಯಲ್ಲಿ ಬರುವುದಿತ್ತು. ಯುಎಂಡಿ ಕೊಳ್ಳುವವರು ತಮಗೆ ಬೇರೆಲ್ಲೂ ಸಿಗದ ಒಂದನ್ನು ಕೊಳ್ಳುತ್ತಿರಲಿಲ್ಲ. ಬೇರೆಡೆ ಸಿಗುವುದನ್ನೇ, ಅನೇಕ ವೇಳೆ ಈಗಾಗಲೇ ಮನೆಯಲ್ಲಿರುವುದನ್ನೇ, ಇನ್ನೊಮ್ಮೆ ಕೊಳ್ಳುತ್ತಿದ್ದರು. ಬೆಲೆಯೋ, ಹೊಸ ಸಿನಿಮಾದ ಯುಎಂಡಿಗೆ ಇಪ್ಪತ್ತು ಡಾಲರಿನ ಆಸುಪಾಸು. ಅದೇ ಸಿನಿಮಾದ ಡಿವಿಡಿಗೂ ಹೆಚ್ಚುಕಡಿಮೆ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ. ಆದರೆ ಡಿವಿಡಿಯನ್ನು ಹಾಲ್‌ನ ಟಿವಿಯಲ್ಲಿ ಎಲ್ಲರೂ ಕೂತು ನೋಡಬಹುದು, ಕಂಪ್ಯೂಟರಿನಲ್ಲಿ ಹಾಕಬಹುದು, ಸ್ನೇಹಿತರಿಗೆ ಕೊಟ್ಟರೆ ಅವರ ಮನೆಯ ಯಂತ್ರದಲ್ಲೂ ನಡೆಯುತ್ತದೆ. ಯುಎಂಡಿಯಲ್ಲಿ ಇದಾವುದೂ ಇಲ್ಲ. ಮೊದಲ ಪಿಎಸ್‌ಪಿಯಿಂದ ಟಿವಿಗೆ ತಂತಿ ಎಳೆಯುವ ಸೌಲಭ್ಯವೇ ಇರಲಿಲ್ಲ. 2007ರ ಹೊಸ ಮಾದರಿಯಲ್ಲಿ ಅದು ಬಂತು, ಅದಕ್ಕೂ ಬೇರೆಯಾಗಿ ಕೇಬಲ್ ಕೊಳ್ಳಬೇಕಾಗಿತ್ತು. ಅಷ್ಟರಲ್ಲಿ ಕಪಾಟುಗಳು ಖಾಲಿಯಾಗಿದ್ದವು.

ಸೋನಿ ಈ ಡಿಸ್ಕನ್ನು ಯೂರೋಪಿನ ಎಕ್ಮಾ ಮಾನಕ ಸಂಸ್ಥೆಯಲ್ಲಿ 2005ರಲ್ಲಿ ನೋಂದಾಯಿಸಿತು. ಅದಕ್ಕೆ ಎಕ್ಮಾ 365 ಎಂಬ ಸಂಖ್ಯೆಯಿದೆ. ಕಾಗದದ ಮೇಲೆ ಅದು ಸಾರ್ವಜನಿಕ ಮಾನಕ. ಆದರೆ ಟಿವಿ ಪಕ್ಕದಲ್ಲಿಡುವ ಯುಎಂಡಿ ಪ್ಲೇಯರ್ ಅಂಗಡಿಗೆ ಬರಲಿಲ್ಲ. ಕಾರಿನಲ್ಲಿ, ಕಂಪ್ಯೂಟರಿನಲ್ಲಿ ಕೂರಿಸುವ ಡ್ರೈವ್ ಬರಲಿಲ್ಲ. ಖಾಲಿ ಯುಎಂಡಿ ಕೊಂಡು ಮನೆಯ ಮದುವೆಯ ವೀಡಿಯೊವನ್ನೋ ಮಕ್ಕಳ ನಾಟಕವನ್ನೋ ಬರೆದಿಟ್ಟುಕೊಳ್ಳುವ ದಾರಿಯೂ ಇರಲಿಲ್ಲ. ಜನ ಒಂದು ಫಾರ್ಮ್ಯಾಟನ್ನು ತಮ್ಮದೆಂದುಕೊಳ್ಳುವುದು ಅದರಲ್ಲಿ ತಮ್ಮದನ್ನೂ ಇಡಲು ಸಾಧ್ಯವಾದಾಗ. ಆಡಿಯೊ ಕ್ಯಾಸೆಟ್ ನಮ್ಮ ಊರುಗಳಲ್ಲಿ ಅಷ್ಟು ಆಳಕ್ಕೆ ಇಳಿದದ್ದು ಅದರಲ್ಲಿ ಸಿನಿಮಾ ಹಾಡಿದ್ದುದಕ್ಕಷ್ಟೇ ಅಲ್ಲ, ಅಜ್ಜಿಯ ಸೋಬಾನೆ ಪದವನ್ನೂ ಅದರಲ್ಲಿ ತುಂಬಿಸಿಕೊಳ್ಳಬಹುದಿತ್ತು ಎಂಬುದಕ್ಕೆ.

ಇನ್ನೊಂದು ಸಂಗತಿ ವಿದೇಶದಲ್ಲಿ ಬಂಧುಗಳಿರುವ ಮನೆಗಳಿಗೆ ಬೇಗ ಅರ್ಥವಾಗುತ್ತದೆ. ಪಿಎಸ್‌ಪಿಯ ಆಟಗಳಿಗೆ ಪ್ರದೇಶದ ಬೀಗವಿರಲಿಲ್ಲ. ಅಮೆರಿಕದಲ್ಲಿರುವ ಚಿಕ್ಕಪ್ಪ ತಂದುಕೊಟ್ಟ ಆಟ ಇಲ್ಲಿಯ ಯಂತ್ರದಲ್ಲೂ ನಡೆಯುತ್ತಿತ್ತು. ಸಿನಿಮಾ ಯುಎಂಡಿಗಳಿಗೆ ಮಾತ್ರ ಡಿವಿಡಿಯ ಹಾಗೆ ಪ್ರದೇಶ ಸಂಕೇತ ಹಾಕಿದ್ದರು. ಅದೇ ಚಿಕ್ಕಪ್ಪ ಸಿನಿಮಾ ತಂದರೆ ಯಂತ್ರ ಅದನ್ನು ತಿರಸ್ಕರಿಸುವುದೇ ಹೆಚ್ಚು. ಪ್ರಯಾಣದಲ್ಲಿ ನೋಡಲಿ ಎಂದು ಮಾಡಿದ ಡಿಸ್ಕು, ದೇಶದ ಗಡಿ ದಾಟಿದವರ ಕೈಯಲ್ಲಿ ಕೆಲಸಕ್ಕೆ ಬಾರದಾಗುತ್ತಿತ್ತು.

ಇಷ್ಟು ಕಷ್ಟಗಳನ್ನು ಬುದ್ಧಿವಂತ ಎಂಜಿನಿಯರುಗಳು ಮುಂಗಾಣಲಿಲ್ಲವೇ ಎಂದು ನೀವು ಕೇಳಬಹುದು. ಕಂಡಿದ್ದರು ಎಂದೇ ನಾನು ನಂಬುತ್ತೇನೆ. ಇಲ್ಲಿ ಸ್ವಲ್ಪ ಹಿಂದಿನ ಚರಿತ್ರೆಗೆ ಹೋಗಬೇಕು. ಸೋನಿ 1975ರಲ್ಲಿ ಬೀಟಾಮ್ಯಾಕ್ಸ್ ಎಂಬ ವೀಡಿಯೊ ರೆಕಾರ್ಡರನ್ನು ತಂದಿತು. ಟಿವಿ ಕಾರ್ಯಕ್ರಮವನ್ನು ಮನೆಯಲ್ಲೇ ರೆಕಾರ್ಡ್ ಮಾಡಿಕೊಳ್ಳುವುದು ಕೃತಿಸ್ವಾಮ್ಯದ ಉಲ್ಲಂಘನೆ ಎಂದು ಯೂನಿವರ್ಸಲ್ ಸ್ಟುಡಿಯೊ ಮರುವರ್ಷವೇ ಕೋರ್ಟಿಗೆ ಹೋಯಿತು. ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಏರಿ, 1984ರಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ಸೋನಿಯ ಪರವಾಗಿ ತೀರ್ಪು ಬಂತು. ಆಮೇಲೆ ನೋಡಲೆಂದು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ನ್ಯಾಯಸಮ್ಮತ ಬಳಕೆ ಎಂದು ನ್ಯಾಯಾಲಯ ಹೇಳಿತು. ನೋಡುಗರ ಪರವಾಗಿ ಅಷ್ಟು ವರ್ಷ ಹೋರಾಡಿದ ಕಂಪನಿ 1989ರಲ್ಲಿ ಕೊಲಂಬಿಯಾ ಪಿಕ್ಚರ್ಸ್ ಸ್ಟುಡಿಯೊವನ್ನು ಕೊಂಡುಕೊಂಡಿತು. ಅಲ್ಲಿಂದ ಅದು ಯಂತ್ರ ಮಾಡುವ ಕಂಪನಿಯೂ ಹೌದು, ಸಿನಿಮಾ ಹಾಡುಗಳ ಒಡೆಯನೂ ಹೌದು. ಯಂತ್ರ ಮಾಡುವವರಿಗೆ ಎಲ್ಲ ಕಡೆ ನಡೆಯುವ ಫಾರ್ಮ್ಯಾಟ್ ಬೇಕು. ಸಿನಿಮಾ ಒಡೆಯರಿಗೆ ನಕಲಾಗದ ಫಾರ್ಮ್ಯಾಟ್ ಬೇಕು. 2005ರ ಜನವರಿಯಲ್ಲಿ, ಪಿಎಸ್‌ಪಿ ಇನ್ನೂ ಅಮೆರಿಕ ತಲುಪುವ ಮುಂಚೆ, ಕುತರಾಗಿ ಅವರೇ ಟೋಕಿಯೊದಲ್ಲಿ ವಿದೇಶಿ ಪತ್ರಕರ್ತರ ಮುಂದೆ ಇದನ್ನು ಒಪ್ಪಿಕೊಂಡರು. ಹಾಡು ಮತ್ತು ಸಿನಿಮಾ ಹಕ್ಕುಗಳ ಬಗ್ಗೆ ಕಂಪನಿಗಿದ್ದ ಅತಿಯಾದ ಕಾಳಜಿಯಿಂದ ಐಪಾಡ್‌ನಂಥ ಯಂತ್ರ ತರುವುದು ತಡವಾಯಿತು, ಒಳಗಿನ ಎಂಜಿನಿಯರುಗಳಿಗೆ ಇದರಿಂದ ಬೇಸರವಾಗಿತ್ತು ಎಂಬುದು ಅವರ ಮಾತಿನ ತಾತ್ಪರ್ಯ. ಕಂಪನಿಯ ಒಳಗಿನವರೇ ಸಾರ್ವಜನಿಕವಾಗಿ ಹೀಗೆ ಹೇಳುವುದು ಅಪರೂಪ, ನನಗೆ ಆ ನೇರವಂತಿಕೆಯ ಬಗ್ಗೆ ಗೌರವವಿದೆ.

ಯುಎಂಡಿಯ ಪ್ರತಿಯೊಂದು ಕೊರತೆಯನ್ನೂ ಈ ಬೆಳಕಿನಲ್ಲಿ ನೋಡಿ. ಖಾಲಿ ಡಿಸ್ಕು ಇಲ್ಲ, ಏಕೆಂದರೆ ನಕಲು ಆಗಬಾರದು. ಕಂಪ್ಯೂಟರ್ ಡ್ರೈವ್ ಇಲ್ಲ, ಅದೇ ಕಾರಣಕ್ಕೆ. ಪಿಎಸ್‌ಪಿಯ ಮೆಮೊರಿ ಸ್ಟಿಕ್ ಕಾರ್ಡಿನಲ್ಲಿ ಸ್ವಂತ ವೀಡಿಯೊ ಹಾಕಿಕೊಳ್ಳಲು ಅವಕಾಶವಿದ್ದರೂ ಮೊದಲ ಎರಡು ವರ್ಷ ಪರದೆಯ ಪೂರ್ತಿ ಗುಣಮಟ್ಟದಲ್ಲಿ ಅದು ನಡೆಯುತ್ತಿರಲಿಲ್ಲ. ಪೂರ್ತಿ ಗುಣಮಟ್ಟ ಬೇಕೆಂದರೆ ಯುಎಂಡಿಯನ್ನೇ ಕೊಳ್ಳಬೇಕು. ಈ ಫಾರ್ಮ್ಯಾಟಿನ ರೂಪವನ್ನು ನಿರ್ಧರಿಸಿದ್ದು ಸ್ಟುಡಿಯೊಗಳ ಭಯ, ನೋಡುಗರ ಬಯಕೆಯಲ್ಲ. ಇದೇ ನನ್ನ ಇಂದಿನ ಮಾತಿನ ಸಾರ.

ಇದು ಸೋನಿ ಒಂದರದೇ ಕಥೆಯಲ್ಲ. ನಿಂಟೆಂಡೊದ ಗೇಮ್‌ಬಾಯ್ ಅಡ್ವಾನ್ಸ್ ಯಂತ್ರಕ್ಕೆ ಮಜೆಸ್ಕೊ ಎಂಬ ಕಂಪನಿ 2004ರಿಂದ ವೀಡಿಯೊ ಕಾರ್ಟ್ರಿಜ್‌ಗಳನ್ನು ಮಾರಿತು. ಕಾರ್ಟೂನುಗಳು, ಕೊನೆಗೆ ‘ಶ್ರೆಕ್’ ಸಿನಿಮಾ ಪೂರ್ತಿ. ಆ ಯಂತ್ರದ ಆಟಗಳನ್ನು ಟಿವಿಯಲ್ಲಿ ತೋರಿಸುವ ಗೇಮ್‌ಬಾಯ್ ಪ್ಲೇಯರ್ ಎಂಬ ಸಾಧನ ಅದಾಗಲೇ ಇತ್ತು. ಆದರೆ ಈ ವೀಡಿಯೊ ಕಾರ್ಟ್ರಿಜ್‌ಗಳು ಅದರಲ್ಲಿ ನಡೆಯದಂತೆ ಬೇಕೆಂದೇ ತಡೆದಿದ್ದರು, ಟಿವಿಗೆ ಬಂದರೆ ಯಾರಾದರೂ ರೆಕಾರ್ಡ್ ಮಾಡಿಯಾರು ಎಂಬ ಅಂಜಿಕೆಯಿಂದ. 240ಕ್ಕೆ 160 ಪಿಕ್ಸೆಲ್‌ಗಳ ಮಸುಕು ಚಿತ್ರವನ್ನು ಕದಿಯಲು ಯಾರು ಅಷ್ಟು ಕಷ್ಟಪಡುತ್ತಿದ್ದರೋ ನನಗೆ ತಿಳಿಯದು. ತಡೆಯಿಂದ ತೊಂದರೆಗೊಳಗಾದವರು ಮಾತ್ರ ಹಣ ಕೊಟ್ಟು ಕೊಂಡವರೇ. ಹ್ಯಾಸ್‌ಬ್ರೊ 2003ರಲ್ಲಿ ಮಕ್ಕಳಿಗೆಂದು ತಂದ ವೀಡಿಯೊನೌ ಇನ್ನೊಂದು ಉದಾಹರಣೆ. ಡಿಸ್ಕಿಗೆ ಅರ್ಧ ಗಂಟೆಯ ಕಾರ್ಯಕ್ರಮ, ಮೊದಲ ಮಾದರಿಯಲ್ಲಿ ಕಪ್ಪುಬಿಳುಪು ಚಿತ್ರ. ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಪ್ರತಿಸ್ಪರ್ಧಿಗಳ ಮಾತನ್ನೂ ಹೇಳಬೇಕು. 2005ರ ಅಕ್ಟೋಬರಿನಲ್ಲಿ ಆಪಲ್ ವೀಡಿಯೊ ತೋರಿಸುವ ಐಪಾಡ್ ತಂದಿತು. ಪರದೆ 2.5 ಇಂಚು, ಪಿಎಸ್‌ಪಿಯ ಪರದೆಯ ಮುಂದೆ ಅದು ಏನೂ ಅಲ್ಲ. ಆದರೂ ಒಂದು ಟಿವಿ ಕಂತಿಗೆ 1.99 ಡಾಲರ್ ಬೆಲೆಯಿಟ್ಟು ಮಾರತೊಡಗಿದ ಇಪ್ಪತ್ತು ದಿನದೊಳಗೆ ಹತ್ತು ಲಕ್ಷ ವೀಡಿಯೊಗಳು ಖರ್ಚಾದವೆಂದು ಆಪಲ್ ಪ್ರಕಟಿಸಿತು. ಆಪಲ್ಲಿನ ಫೈಲುಗಳಿಗೂ ಬೀಗವಿತ್ತು, ಇದನ್ನು ಮರೆಯಬಾರದು. ಅಂದರೆ ಬೀಗವಿದ್ದ ಮಾತ್ರಕ್ಕೇ ಫಾರ್ಮ್ಯಾಟ್ ಸೋಲುತ್ತದೆ ಎಂದು ಹೇಳಲಾಗದು. ಆದರೆ ಆ ಬೀಗದೊಳಗೆ ಓಡಾಡಲು ಜಾಗವಿತ್ತು. ಕೊಂಡದ್ದು ಮನೆಯ ಕಂಪ್ಯೂಟರಿನಲ್ಲೂ ನಡೆಯುತ್ತಿತ್ತು, ಐಪಾಡಿನಲ್ಲೂ ನಡೆಯುತ್ತಿತ್ತು. ಬೆಲೆ ಕಡಿಮೆ, ಅಂಗಡಿಗೆ ಹೋಗುವ ಕೆಲಸವಿಲ್ಲ, ಹತ್ತು ಡಿಸ್ಕುಗಳನ್ನು ಚೀಲದಲ್ಲಿ ಹೊರಬೇಕಿಲ್ಲ.

ಇನ್ನು ನಮ್ಮ ನೆಲಕ್ಕೆ ಬರೋಣ. ವಿಸಿಡಿಯನ್ನು ಈ ಸಭೆಯಲ್ಲಿ ನಡುವಯಸ್ಸು ದಾಟಿದವರೆಲ್ಲ ಬಲ್ಲರು. 1993ರಲ್ಲಿ ಫಿಲಿಪ್ಸ್, ಮತ್ಸುಶಿತ, ಜೆವಿಸಿ ಕಂಪನಿಗಳು ಒಟ್ಟಾಗಿ ರೂಪಿಸಿದ ಮಾನಕ ಅದು, ಜೊತೆಗಿದ್ದ ನಾಲ್ಕನೆಯ ಕಂಪನಿ ಇದೇ ಸೋನಿ. ಗುಣಮಟ್ಟದಲ್ಲಿ ವಿಸಿಡಿ ಯುಎಂಡಿಗೆ ಸಾಟಿಯೇ ಅಲ್ಲ. 352ಕ್ಕೆ 288 ಪಿಕ್ಸೆಲ್‌ಗಳ ಚಿತ್ರ, ಹೊಡೆದಾಟದ ದೃಶ್ಯ ಬಂತೆಂದರೆ ಪರದೆಯೆಲ್ಲ ಚೌಕ ಚೌಕ. ಒಂದು ಡಿಸ್ಕಿಗೆ ಸುಮಾರು 74 ನಿಮಿಷ, ಹಾಗಾಗಿ ಎರಡೂವರೆ ಗಂಟೆಯ ಕನ್ನಡ ಸಿನಿಮಾಕ್ಕೆ ಎರಡೋ ಮೂರೋ ಡಿಸ್ಕು. ಇಂಟರ್‌ವಲ್ ಬರುವ ಹೊತ್ತಿಗೆ ಯಾರಾದರೂ ಎದ್ದು ಹೋಗಿ ಡಿಸ್ಕು ಬದಲಾಯಿಸಬೇಕು. ಆದರೆ ಆ ವಿಸಿಡಿ ಯಾವ ಕಂಪನಿಯ ಪ್ಲೇಯರಿನಲ್ಲಾದರೂ ನಡೆಯುತ್ತಿತ್ತು. ಚೀನಾದಿಂದ ಬಂದ ಹೆಸರಿಲ್ಲದ ಪೆಟ್ಟಿಗೆಯಲ್ಲೂ ನಡೆಯುತ್ತಿತ್ತು, ಕಂಪ್ಯೂಟರಿನಲ್ಲೂ, ಆಮೇಲೆ ಬಂದ ಡಿವಿಡಿ ಪ್ಲೇಯರಿನಲ್ಲೂ. ಊರಿನ ವೀಡಿಯೊ ಲೈಬ್ರರಿಯಿಂದ ಬಾಡಿಗೆಗೆ ತಂದು, ಓಣಿಯವರೆಲ್ಲ ಕೂತು ನೋಡಿ, ಮರುದಿನ ಹಿಂದಿರುಗಿಸುವ ಮುಂಚೆ ಪಕ್ಕದ ಮನೆಗೂ ಒಂದು ರಾತ್ರಿ ಕೊಟ್ಟು ಬರಬಹುದಿತ್ತು. 2007ರಲ್ಲಿ ಮೋಸರ್ ಬೇರ್ ಎಂಬ ಭಾರತೀಯ ಕಂಪನಿ ಕನ್ನಡವೂ ಸೇರಿ ಹಲವು ಭಾಷೆಗಳ ಸಿನಿಮಾಗಳನ್ನು ಹಕ್ಕು ಕೊಂಡು ಹೊರತಂದಾಗ ವಿಸಿಡಿಗೆ ಇಟ್ಟ ಬೆಲೆ 28 ರೂಪಾಯಿ, ಡಿವಿಡಿಗೆ 34. ಕಳ್ಳ ಪ್ರತಿಯ ಬೆಲೆಯ ಹತ್ತಿರಕ್ಕೇ ಅಸಲಿ ಪ್ರತಿಯನ್ನು ಇಳಿಸಿದ ಆ ಪ್ರಯತ್ನ ನೆನಪಿನಲ್ಲಿಡಬೇಕಾದ್ದು. ಕಳ್ಳತನವನ್ನು ಬೀಗದಿಂದ ತಡೆಯುವುದಕ್ಕಿಂತ ಬೆಲೆಯಿಂದ ಎದುರಿಸುವುದು ಹೆಚ್ಚು ಗೌರವದ ದಾರಿ ಎಂದು ನಾನು ಭಾವಿಸುತ್ತೇನೆ.

ಅಂಗೈ ಯಂತ್ರದಲ್ಲಿ ಸಿನಿಮಾ ನೋಡುವ ಅಭ್ಯಾಸ ನಮ್ಮ ಊರುಗಳಿಗೆ ಬಂದದ್ದು ಪಿಎಸ್‌ಪಿಯಿಂದಲ್ಲ, ಮೊಬೈಲಿನಿಂದ. ಬಸ್‌ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯನ್ನು ನೆನಪಿಸಿಕೊಳ್ಳಿ. ರೀಚಾರ್ಜ್ ಕೂಪನ್‌ಗಳ ಮಾಲೆ, ಹಳೆಯ ಕಂಪ್ಯೂಟರ್, ಅದಕ್ಕೆ ಸಿಕ್ಕಿಸಿದ ಕಾರ್ಡ್ ರೀಡರ್. ಉಗುರಗಲದ ಮೆಮೊರಿ ಕಾರ್ಡ್ ಕೊಟ್ಟು, ಕಂಪ್ಯೂಟರಿನ ಫೋಲ್ಡರುಗಳಲ್ಲಿ ಬೇಕಾದ ಹಾಡು, ಸಿನಿಮಾ ತೋರಿಸಿದರೆ ಸ್ವಲ್ಪ ಹೊತ್ತಿನಲ್ಲಿ ತುಂಬಿಸಿ ಕೊಡುತ್ತಿದ್ದರು. ಫೈಲುಗಳು 3ಜಿಪಿ ಅಥವಾ ಎಂಪಿ4. ಚಿತ್ರ ಅಂಚೆಚೀಟಿಯಷ್ಟು, ಧ್ವನಿ ಒಡಕು. ಈ ವ್ಯವಹಾರದಲ್ಲಿ ಬಹುಪಾಲು ಕಾನೂನುಬಾಹಿರವಾಗಿತ್ತು, ಕನ್ನಡದ ಸಣ್ಣ ನಿರ್ಮಾಪಕರಿಗೆ ಬರಬೇಕಾದ ಹಣ ಬರಲಿಲ್ಲ. ಆ ನಷ್ಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಜನ ಏನನ್ನು ಬಯಸುತ್ತಿದ್ದರು ಎಂಬುದನ್ನು ಆ ಅಂಗಡಿ ಸ್ಪಷ್ಟವಾಗಿ ಹೇಳುತ್ತಿತ್ತು. ನೋಕಿಯಾದಿಂದ ತೆಗೆದ ಕಾರ್ಡು ಸ್ಯಾಮ್ಸಂಗ್‌ನಲ್ಲಿ ನಡೆಯಬೇಕು, ಹೆಸರೇ ಕೇಳದ ಅಗ್ಗದ ಫೋನಿನಲ್ಲೂ ನಡೆಯಬೇಕು, ಅಣ್ಣ ನೋಡಿದ್ದನ್ನು ತಂಗಿಯೂ ನೋಡಬೇಕು. ಅಷ್ಟನ್ನು ಸರಿಯಾದ ಬೆಲೆಗೆ, ಸರಿಯಾದ ದಾರಿಯಲ್ಲಿ ಕೊಡಲು ಆಗ ಯಾರೂ ಮುಂದೆ ಬರಲಿಲ್ಲ ಎಂಬುದು ನನ್ನ ಕೊರಗು.

ಈಗ ಕೊನೆಯ ಭಾಗಕ್ಕೆ ಬರುತ್ತೇನೆ. ಸೋತ ಫಾರ್ಮ್ಯಾಟಿನ ಪರವಾಗಿ ಇಲ್ಲಿ ಒಂದು ಮಾತು ಹೇಳಬೇಕಾಗಿದೆ. 2005ರಲ್ಲಿ ಕೊಂಡ ಯುಎಂಡಿ ಇವತ್ತಿಗೂ ಕೊಂಡವರ ಸ್ವತ್ತು. ಕೆಲಸ ಮಾಡುವ ಪಿಎಸ್‌ಪಿ ಇದ್ದರೆ ಯಾರ ಅನುಮತಿಯೂ ಇಲ್ಲದೆ ಅದು ನಡೆಯುತ್ತದೆ, ಇಂಟರ್ನೆಟ್ ಬೇಡ, ಪಾಸ್‌ವರ್ಡ್ ಬೇಡ. ಅದರ ನಂತರ ಬಂದ ವ್ಯವಸ್ಥೆಯನ್ನು ನೋಡಿ. ಸೋನಿ ತನ್ನ ಪ್ಲೇಸ್ಟೇಷನ್ ಅಂಗಡಿಯಲ್ಲಿ ಸಿನಿಮಾ ಮಾರಾಟವನ್ನು 2021ರ ಆಗಸ್ಟ್ 31ಕ್ಕೆ ನಿಲ್ಲಿಸಿತು. ಮರುವರ್ಷ, ಸ್ಟುಡಿಯೊಕೆನಾಲ್ ಎಂಬ ಚಿತ್ರಸಂಸ್ಥೆಯ ಜೊತೆಗಿನ ಪರವಾನಗಿ ಒಪ್ಪಂದದ ಕಾರಣದಿಂದ, ಜರ್ಮನಿ ಮತ್ತು ಆಸ್ಟ್ರಿಯಾದ ಗ್ರಾಹಕರು ಆ ಮೊದಲು ಹಣ ಕೊಟ್ಟು ಕೊಂಡಿದ್ದ ಆ ಸಂಸ್ಥೆಯ ಸಿನಿಮಾಗಳನ್ನು 2022ರ ಆಗಸ್ಟ್ 31ರಿಂದ ನೋಡಲಾಗದು, ಅವು ಅವರ ಸಂಗ್ರಹದಿಂದ ಅಳಿಸಿಹೋಗುತ್ತವೆ ಎಂಬ ಸೂಚನೆ ಹೊರಟಿತು. ನಾವು ಇಂದು ಫೋನಿನ ಆ್ಯಪ್‌ಗಳಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳುವ ಸಿನಿಮಾಗಳ ಪಾಡೂ ಇದೇ. ಅವು ಆ ಆ್ಯಪ್‌ನೊಳಗೆ ಮಾತ್ರ ನಡೆಯುತ್ತವೆ, ಅವಧಿ ಮುಗಿದರೆ ಮಾಯವಾಗುತ್ತವೆ. ಇದನ್ನು ಜನ ಒಪ್ಪಿಕೊಂಡಿರುವುದು ತಿಂಗಳ ಚಂದಾ ಕಡಿಮೆಯಿದೆ, ಒಂದೇ ಆ್ಯಪ್ ಫೋನು, ಟಿವಿ, ಕಂಪ್ಯೂಟರ್ ಎಲ್ಲದರಲ್ಲೂ ನಡೆಯುತ್ತದೆ ಎಂಬ ಕಾರಣಕ್ಕೆ. ನೋಡುಗರ ಮಟ್ಟಿಗೆ ಈ ಏರ್ಪಾಡು ಸಾಕು. ಚರಿತ್ರೆಯನ್ನು ಕಾಪಾಡುವವರಿಗೆ ಸಾಲದು.

ಕಾಲೇಜಿನ ಗ್ರಂಥಾಲಯ ನಡೆಸುವವರು, ಚಿತ್ರ ಸಮಾಜಗಳನ್ನು ಕಟ್ಟಿರುವವರು ಇಲ್ಲಿದ್ದೀರಿ. ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಬೀರುಗಳಲ್ಲಿರುವ ಕನ್ನಡ ವಿಸಿಡಿ, ಕ್ಯಾಸೆಟ್ಟುಗಳನ್ನು ಹಳೆಯದೆಂದು ರದ್ದಿಗೆ ಹಾಕುವ ಮುಂಚೆ, ಅವುಗಳಲ್ಲಿರುವುದು ಬೇರೆಲ್ಲಾದರೂ ಸಿಗುತ್ತದೆಯೇ ಎಂದು ವಿಚಾರಿಸಿ. ಸಿಗದಿದ್ದರೆ, ಹಕ್ಕುದಾರರ ಒಪ್ಪಿಗೆ ಪಡೆದು, ಎಲ್ಲ ಕಂಪ್ಯೂಟರುಗಳೂ ಓದುವ ಸಾಮಾನ್ಯ ಫೈಲುಗಳಾಗಿ ಪ್ರತಿ ಮಾಡಿಸಿ, ಎರಡು ಬೇರೆ ಬೇರೆ ಕಡೆ ಇಡಿ. ಆ ಡಿಸ್ಕುಗಳನ್ನು ಓದುವ ಒಂದು ಪ್ಲೇಯರನ್ನು ರಿಪೇರಿ ಮಾಡಿಸಿ, ಅದರ ಕೇಬಲ್ ರಿಮೋಟ್ ಸಮೇತ, ಡಿಸ್ಕುಗಳ ಪಕ್ಕದಲ್ಲೇ ಇರಿಸಿ. ಸಿನಿಮಾ ಮಾಡಲು ಹೊರಟಿರುವ ವಿದ್ಯಾರ್ಥಿಗಳು ತಮ್ಮ ಮೊದಲ ಒಪ್ಪಂದಕ್ಕೆ ಸಹಿ ಹಾಕುವಾಗ, ಪರವಾನಗಿಯ ಅವಧಿ ಮುಗಿದ ಮೇಲೆ ಚಿತ್ರದ ಮೂಲ ಪ್ರತಿ ಯಾರ ಬಳಿ, ಯಾವ ಫಾರ್ಮ್ಯಾಟಿನಲ್ಲಿ ಉಳಿಯುತ್ತದೆ ಎಂಬ ಸಾಲನ್ನು ಅದರಲ್ಲಿ ಬರೆಸಿಕೊಳ್ಳಿ.